ಬಚ್ಚಿಡಲು ಜಾಗವಿಲ್ಲದ ಮನೆ: ನಮ್ಮ ಮನೆ ನವೀಕರಿಸಿದ ತಂಡದ ಬಗ್ಗೆ ಒಂದು ವಿಮರ್ಶೆ

ತೀರ್ಪನ್ನು ಮೊದಲೇ ಹೇಳಿಬಿಡುತ್ತೇನೆ. ಅವಸರವಿರುವವರು ಇಷ್ಟು ಓದಿ ಎದ್ದುಹೋಗಬಹುದು. ಛಾವಣಿ, ಗಾಜು, ಮರಗೆಲಸ ಈ ಮೂರಕ್ಕೆ ಈ ತಂಡವನ್ನು ಕಣ್ಣು ಮುಚ್ಚಿಕೊಂಡು ಕರೆಯಬಹುದು. ಅಡುಗೆಮನೆಯ ಕೆಲಸ ಕೊಡುವುದಾದರೆ ಪಕ್ಕದಲ್ಲೇ ನಿಂತಿರಬೇಕು. ದೀಪಗಳ ವಿಚಾರಕ್ಕಂತೂ ಬೇರೆಯವರನ್ನು ನೋಡಿಕೊಳ್ಳುವುದೇ ಲೇಸು. ಚಿಕ್ಕ ಸಂಸ್ಥೆ. ಮುಖ್ಯಸ್ಥೆ ಒಬ್ಬ ವಾಸ್ತುಶಿಲ್ಪಿ. ಅವರ ಜೊತೆಗೆ ಒಬ್ಬ ಮೇಸ್ತ್ರಿ, ಇಬ್ಬರು ಬಡಗಿಗಳು, ಬೇಕಾದಾಗ ಹೊರಗಿನಿಂದ ಕರೆಸುವ ಪ್ಲಂಬರ್ ಮತ್ತು ಎಲೆಕ್ಟ್ರಿಷಿಯನ್. ಹೊಗಳಿಕೆಯ ಜೊತೆಗೆ ದೂರುಗಳೂ ಸಾಕಷ್ಟಿರುವುದರಿಂದ ಹೆಸರು ಹಾಕುತ್ತಿಲ್ಲ. ಇಂಥ ಮನೆ ಇರುವವರಿಗೆ ಹೆಸರಿಗಿಂತ, ಯಾವ ಕೆಲಸದಲ್ಲಿ ಏನನ್ನು ನೋಡಬೇಕು ಎಂಬುದು ಹೆಚ್ಚು ಉಪಯೋಗಕ್ಕೆ ಬರುತ್ತದೆ.

ಮನೆ 1958ರದು. ಒಂದೇ ಅಂತಸ್ತು, ಸಮತಟ್ಟಾದ ಛಾವಣಿ, ಕಂಬಗಳ ಮೇಲೆ ಉದ್ದುದ್ದ ತೊಲೆಗಳು, ತೊಲೆಗಳ ಮೇಲೆ ನೇರವಾಗಿ ಕೂತ ಹಲಗೆಗಳು. ಹಿಂಬದಿಯ ಗೋಡೆ ಎಂಬುದು ಗೋಡೆಯೇ ಅಲ್ಲ, ನೆಲದಿಂದ ತೊಲೆಯವರೆಗೂ ಗಾಜು. ನಡುಮನೆಯಲ್ಲಿ ಎರಡು ಮೆಟ್ಟಿಲು ಇಳಿದು ಕೂರುವ ತಗ್ಗು. ಮಿಡ್-ಸೆಂಚುರಿ ಮಾಡರ್ನ್ ಎಂದು ಈಗ ಎಲ್ಲರೂ ಕರೆಯುವ ಶೈಲಿಯ ಲಕ್ಷಣಗಳೆಲ್ಲ ಇದರಲ್ಲಿವೆ. ಕಟ್ಟಿದವರು ಖ್ಯಾತನಾಮರೇನಲ್ಲ.

ಎರಡನೆಯ ಮಹಾಯುದ್ಧ ಮುಗಿದ ಮೇಲಿನ ಎರಡು ದಶಕಗಳಲ್ಲಿ ಇಂಥ ಮನೆಗಳು ಹುಟ್ಟಿದವು. 1945ರಲ್ಲಿ ಅಮೆರಿಕದ ‘ಆರ್ಟ್ಸ್ ಅಂಡ್ ಆರ್ಕಿಟೆಕ್ಚರ್’ ಪತ್ರಿಕೆಯ ಸಂಪಾದಕ ಜಾನ್ ಎಂಟೆನ್ಜಾ, ಯುದ್ಧಾನಂತರದ ಸಂಸಾರಗಳಿಗೆ ಹೊಸ ಬಗೆಯ ಮಾದರಿ ಮನೆಗಳನ್ನು ರೂಪಿಸಿರೆಂದು ವಾಸ್ತುಶಿಲ್ಪಿಗಳನ್ನು ಕೇಳಿಕೊಂಡರು. ವಿನ್ಯಾಸಕರಾದ ಚಾರ್ಲ್ಸ್ ಮತ್ತು ರೇ ಈಮ್ಸ್ ದಂಪತಿ 1949ರಲ್ಲಿ ತಮಗಾಗಿ ಕಟ್ಟಿಕೊಂಡ ಮನೆ ಆ ಸರಣಿಯ ಎಂಟನೆಯದು. ಅದೇ ಕಾಲಕ್ಕೆ ಜೋಸೆಫ್ ಐಕ್ಲರ್ ಎಂಬ ಬಿಲ್ಡರ್ ಕ್ಯಾಲಿಫೋರ್ನಿಯಾದಲ್ಲಿ ಸಾಮಾನ್ಯ ಸಂಬಳದಾರರಿಗೆಂದು ಇಂಥವನ್ನೇ ಸಾಲುಸಾಲಾಗಿ ಕಟ್ಟಿ, ಸುಮಾರು 11,000 ಮನೆಗಳನ್ನು ಮಾರಿದರು. ಇವರೆಲ್ಲರಿಗೂ ಸಮಾನವಾಗಿದ್ದ ಹಟವೆಂದರೆ, ಮನೆ ಯಾವುದರ ಮೇಲೆ ನಿಂತಿದೆಯೋ ಅದು ಕಣ್ಣಿಗೆ ಕಾಣಬೇಕು. ತೊಲೆ ಇದ್ದರೆ ತೊಲೆ ಕಾಣಬೇಕು, ಹಲಗೆ ಇದ್ದರೆ ಹಲಗೆ.

ಹಟ ಚೆನ್ನಾಗಿಯೇ ಇದೆ, ಆದರೆ ಅದರ ಫಲ ಅನುಭವಿಸುವವರು ನಾವು. ಇಂಥ ಮನೆಯಲ್ಲಿ ಅಟ್ಟವಿಲ್ಲ, ಫಾಲ್ಸ್ ಸೀಲಿಂಗ್ ಇಲ್ಲ, ನೆಲಮಾಳಿಗೆಯಿಲ್ಲ, ಗೋಡೆಗಳೂ ತೆಳುವು. ಹೊಸದಾಗಿ ಒಂದು ವೈರ್ ಎಳೆಯಬೇಕೆಂದರೆ ಅದು ಎಲ್ಲಿ ಹೋಗಬೇಕು? ಹವಾನಿಯಂತ್ರಣದ ಕೊಳವೆ ಎಲ್ಲಿ? ಅಡುಗೆಮನೆಯ ಹೊಗೆ ಎಲ್ಲಿಂದ ಹೊರಗೆ? ಇಂದಿನ ಬದುಕಿಗೆ ಬೇಕಾದದ್ದೆಲ್ಲ ಕೊಳವೆ ಮತ್ತು ತಂತಿಯ ರೂಪದಲ್ಲೇ ಬರುತ್ತದೆ, ಈ ಮನೆಯಲ್ಲಿ ಅವನ್ನು ಬಚ್ಚಿಡಲು ಜಾಗವೇ ಇಲ್ಲ. ಕೆಲಸಕ್ಕೆ ವಿಚಾರಿಸಿದವರೆಲ್ಲರಿಗೂ ನಾನು ಕೇಳಿದ್ದು ಈ ಒಂದೇ ಪ್ರಶ್ನೆ. ಒಬ್ಬರು ತಡಮಾಡದೆ, “ಫಾಲ್ಸ್ ಸೀಲಿಂಗ್ ಹಾಕಿಬಿಡೋಣ” ಎಂದರು. ಇನ್ನೊಬ್ಬರು ಮರದ ಗೋಡೆಗಳಿಗೆಲ್ಲ ಬಿಳಿ ಬಣ್ಣ ಬಳಿದರೆ ಮನೆ ದೊಡ್ಡದಾಗಿ ಕಾಣುತ್ತದೆ ಎಂದು ಬೋಧಿಸಿದರು. ಈ ತಂಡದ ವಾಸ್ತುಶಿಲ್ಪಿ ಉತ್ತರ ಕೊಡಲಿಲ್ಲ, ಏಣಿ ಕೇಳಿದರು. ಛಾವಣಿ ಹತ್ತಿ ಸಾಕಷ್ಟು ಹೊತ್ತು ಸುತ್ತಾಡಿ ಕೆಳಗಿಳಿದು, “ಎಲ್ಲವೂ ಮೇಲೆ ಹೋಗುತ್ತದೆ, ಒಳಗಿನಿಂದ ಏನೂ ಕಾಣಿಸುವುದಿಲ್ಲ” ಎಂದರು. ಕೆಲಸ ಅವರಿಗೇ ಕೊಟ್ಟೆವು.

ಛಾವಣಿಯಿಂದಲೇ ಶುರುಮಾಡುತ್ತೇನೆ, ಏಕೆಂದರೆ ಇವರ ಜಾಣತನವೆಲ್ಲ ಅಲ್ಲಿದೆ.

ಆ ಕಾಲದ ಛಾವಣಿಯೆಂದರೆ ಹಲಗೆ, ಅದರ ಮೇಲೆ ಟಾರಿನ ಪದರಗಳು, ಮೇಲೆ ಜಲ್ಲಿ. ಶಾಖ ತಡೆಯುವುದಕ್ಕೆ ಹೆಚ್ಚೇನೂ ಇರುತ್ತಿರಲಿಲ್ಲ. ಇಂಧನ ಅಗ್ಗವಾಗಿದ್ದ ದಿನಗಳು. ಬೇಸಿಗೆಯ ಮಧ್ಯಾಹ್ನ ನಮ್ಮ ಮನೆಯ ಹಲಗೆಗಳನ್ನು ಮುಟ್ಟಿದರೆ ಒಳಗಡೆಯಿಂದಲೇ ಬಿಸಿ ತಟ್ಟುತ್ತಿತ್ತು. ಕೆಳಗಿನಿಂದ ಇನ್ಸುಲೇಷನ್ ಹಾಕಿದರೆ ಹಲಗೆ, ತೊಲೆ ಎಲ್ಲ ಮುಚ್ಚಿಹೋಗುತ್ತದೆ. ಹಾಗಾಗಿ ಹಳೆಯ ಟಾರನ್ನು ಹಲಗೆಯವರೆಗೂ ಕಿತ್ತು, ಮೇಲಿನಿಂದ ಕಂಬಳಿ ಹೊದಿಸುವಂತೆ ಗಟ್ಟಿ ಫೋಮ್ ಹಲಗೆಗಳನ್ನು ಹಾಸಿದರು. ಪಾಲಿಐಸೋಸಯನ್ಯುರೇಟ್ ಎಂಬ ನಾಲಿಗೆ ತಿರುಚುವ ಹೆಸರಿನ ವಸ್ತು ಅದು. ತೆಳುವಾದರೂ ಶಾಖವನ್ನು ಚೆನ್ನಾಗಿ ತಡೆಯುತ್ತದೆ.

ಇಲ್ಲಿ ಎರಡು ಸೂಕ್ಷ್ಮಗಳಿವೆ, ಇವೆರಡರಲ್ಲಿ ಎಡವುವವರೇ ಹೆಚ್ಚು. ಮೊದಲನೆಯದು ಸ್ಕ್ರೂ. ಫೋಮನ್ನು ಮೇಲಿನಿಂದ ಸ್ಕ್ರೂ ಹಾಕಿ ಬಿಗಿದರೆ, ಸ್ಕ್ರೂ ಒಂದಿಷ್ಟು ಉದ್ದವಾದರೂ ಸಾಕು, ಹಲಗೆಯನ್ನು ತೂರಿ ಅದರ ಮೊನೆ ನಿಮ್ಮ ಮಂಚದ ನೇರಕ್ಕೆ ಹೊಳೆಯುತ್ತದೆ. ಇವರು ಮನೆಯ ಮೇಲಿನ ಭಾಗಕ್ಕೆಲ್ಲ ಅಂಟು ಬಳಸಿದರು. ಸ್ಕ್ರೂ ಹಾಕಿದ್ದು ಮನೆಯ ಹೊರಗೆ ಚಾಚಿದ ಅಂಚಿನಲ್ಲಿ ಮಾತ್ರ, ಅದೂ ಮೇಸ್ತ್ರಿ ಒಂದು ಹಲಗೆಯ ದಪ್ಪವನ್ನು ಅಳೆದು, ಅದಕ್ಕಿಂತ ಉದ್ದದ ಸ್ಕ್ರೂ ಪೆಟ್ಟಿಗೆಗಳನ್ನೆಲ್ಲ ಕೆಳಗೆ ಕಳಿಸಿದ ಮೇಲೆ. ಎರಡನೆಯದು ಅಂಚು. ಈ ಮನೆಗಳ ಅಂದವಿರುವುದೇ ಛಾವಣಿಯ ತೆಳು ಗೆರೆಯಲ್ಲಿ. ಅದರ ಮೇಲೆ ದಪ್ಪ ಫೋಮ್ ಕೂರಿಸಿ ಮುಂದೆ ಅಗಲವಾದ ಪಟ್ಟಿ ಹೊಡೆದರೆ ಮನೆಯ ಮುಖವೇ ಕೆಟ್ಟಿತು. ಗೋಡೆಯಿಂದಾಚೆ ಚಾಚಿದ ಸೂರಿಗೆ ಇನ್ಸುಲೇಷನ್ ಬೇಕಾಗಿಯೇ ಇಲ್ಲ, ಅದರ ಕೆಳಗಿರುವುದು ಬಯಲು. ಇವರು ಫೋಮನ್ನು ಗೋಡೆಯ ನೇರದಿಂದ ಇಳಿಜಾರಾಗಿ ಕತ್ತರಿಸುತ್ತ ಅಂಚಿಗೆ ಬರುವಷ್ಟರಲ್ಲಿ ತೆಳುವಾಗಿಸಿದರು. ಬೀದಿಯಲ್ಲಿ ನಿಂತು ನೋಡಿದರೆ 1958ರ ಗೆರೆ ಹಾಗೇ ಇದೆ. ಸುಮ್ಮನೆ ಹೋಗುವವರಿಗೆ ಇದು ತಿಳಿಯುವುದಿಲ್ಲ, ತಿಳಿಯಬಾರದು ಕೂಡ.

ವೈರ್‌ಗಳು, ಹವಾನಿಯಂತ್ರಣದ ತೆಳು ತಾಮ್ರದ ಕೊಳವೆಗಳು ಎಲ್ಲವೂ ಫೋಮಿನ ಕೆಳಪದರದಲ್ಲಿ ಕೊರೆದ ತೋಡುಗಳಲ್ಲಿ ಮಲಗಿವೆ. ಮುಚ್ಚುವ ಮೊದಲು ಪ್ರತಿಯೊಂದು ತೋಡಿನ ಪಕ್ಕ ಅಳತೆಯ ಟೇಪು ಇಟ್ಟು ಫೋಟೋ ತೆಗೆದು, ನಕ್ಷೆಯ ಜೊತೆ ಒಂದು ಕಡತ ಮಾಡಿ ನಮಗೆ ಕೊಟ್ಟರು. ಮುಂದೆ ಯಾರಾದರೂ ಸೋಲಾರ್ ಫಲಕ ಕೂರಿಸಲು ಮೇಲೆ ಹತ್ತಿದರೆ ಎಲ್ಲಿ ತೂತು ಕೊರೆಯಬಾರದು ಎಂಬುದು ಅದರಲ್ಲಿದೆ. ಈ ಕಡತವೊಂದಕ್ಕೇ ನಾನು ಇವರಿಗೆ ಅರ್ಧ ಅಂಕ ಹೆಚ್ಚು ಕೊಡುತ್ತೇನೆ.

ಸಮತಟ್ಟು ಎಂದು ಕರೆದರೂ ಛಾವಣಿ ನಿಜವಾಗಿ ಸಮತಟ್ಟಾಗಿರಬಾರದು; ಒಂದಡಿಗೆ ಕಾಲಂಗುಲದಷ್ಟಾದರೂ ಇಳಿಜಾರು ಬೇಕು. ಹಲಗೆಗಳು ಅರವತ್ತು ಚಿಲ್ಲರೆ ವರ್ಷಗಳಲ್ಲಿ ನಡುವೆ ಬಾಗಿದ್ದವು. ಓರೆಯಾಗಿ ಕತ್ತರಿಸಿದ ಫೋಮಿನಿಂದಲೇ ಆ ಇಳಿಜಾರನ್ನು ಮತ್ತೆ ಕಟ್ಟಿದರು. ಮೇಲೆ ಬಿಳಿ ಲೇಪನ. ಕೊನೆಗೆ ನೀರು ಹರಿಸಿ ಪರೀಕ್ಷೆ. ಮಳೆ ನಿಂತು 48 ಗಂಟೆಯಾದರೂ ನೀರು ನಿಂತೇ ಇದ್ದರೆ ಛಾವಣಿ ಸರಿಯಿಲ್ಲ ಎಂಬುದು ಈ ವೃತ್ತಿಯ ರೂಢಿಯ ಅಳತೆ. ಒಂದು ಮೂಲೆಯಲ್ಲಿ ನೀರು ನಿಂತಿತು. ನಾನು ಬಾಯಿ ತೆರೆಯುವ ಮುನ್ನವೇ ಮೇಸ್ತ್ರಿ ಸೀಮೆಸುಣ್ಣದಿಂದ ಅದರ ಸುತ್ತ ಗೆರೆ ಎಳೆದಿದ್ದರು. ಎರಡನೆಯ ಸಲ ನಿಲ್ಲಲಿಲ್ಲ.

ಗಾಜು ಈ ಮನೆಗಳ ಹೆಮ್ಮೆಯೂ ಹೌದು, ಪೀಡೆಯೂ ಹೌದು. ಮೀಸ್ ವ್ಯಾನ್ ಡೆರ್ ರೋಹೆ ವಿನ್ಯಾಸ ಮಾಡಿದ, 1951ರಲ್ಲಿ ಪೂರ್ಣಗೊಂಡ ಫಾರ್ನ್ಸ್‌ವರ್ತ್ ಗಾಜಿನ ಮನೆಯನ್ನು ಜಗತ್ತು ಇವತ್ತಿಗೂ ಕೊಂಡಾಡುತ್ತದೆ. ಅದನ್ನು ಕಟ್ಟಿಸಿಕೊಂಡ ವೈದ್ಯೆಗೂ ವಾಸ್ತುಶಿಲ್ಪಿಗೂ ನಡುವೆ ನ್ಯಾಯಾಲಯದ ಮೆಟ್ಟಿಲು ಹತ್ತುವಷ್ಟು ಮನಸ್ತಾಪವಾಯಿತು, ಆ ಮನೆ ಬೇಸಿಗೆಯಲ್ಲಿ ಕಾದು ಚಳಿಗಾಲದಲ್ಲಿ ಗಾಜಿನ ಮೇಲೆಲ್ಲ ಹನಿಗಟ್ಟುತ್ತಿತ್ತು. ನೋಡಿ ಹೋಗುವವರಿಗೆ ಒಂದು ಮನೆ, ಬಾಳುವವರಿಗೆ ಇನ್ನೊಂದು. ನಮ್ಮ ಒಂಟಿ ಪದರದ ಗಾಜಿನ ಸ್ಥಿತಿಯೂ ಅದೇ ಆಗಿತ್ತು. ಒಂದು ಚದರ ಮೀಟರ್ ಗಾಜು ಪ್ರತಿ ಡಿಗ್ರಿ ವ್ಯತ್ಯಾಸಕ್ಕೆ ಎಷ್ಟು ವ್ಯಾಟ್ ಶಾಖವನ್ನು ಬಿಟ್ಟುಕೊಡುತ್ತದೆ ಎಂದು ಲೆಕ್ಕ ಹಾಕುತ್ತಾರೆ. ಒಂಟಿ ಗಾಜಿಗೆ ಅದು 6ರ ಹತ್ತಿರ. ನಡುವೆ ಆರ್ಗಾನ್ ಅನಿಲ ತುಂಬಿದ, ಕಣ್ಣಿಗೆ ಕಾಣದ ಲೋಹಲೇಪವಿರುವ ಜೋಡಿ ಗಾಜಿಗೆ 1.5ರ ಆಸುಪಾಸು.

ಕಷ್ಟವಿರುವುದು ದಪ್ಪದಲ್ಲಿ. ಹಳೆಯ ಗಾಜು ಕಂಬಕ್ಕೇ ನೇರವಾಗಿ ಕೂತಿತ್ತು, ಎರಡೂ ಕಡೆ ಸಣ್ಣ ಮರದ ಪಟ್ಟಿಗಳಷ್ಟೇ ಅದನ್ನು ಹಿಡಿದಿದ್ದವು. ಜೋಡಿ ಗಾಜಿನ ದಪ್ಪ ಅದರ ಮೂರು ನಾಲ್ಕು ಪಟ್ಟು. ಬಹುತೇಕ ಗುತ್ತಿಗೆದಾರರು ಇಲ್ಲಿ ಕೈಚೆಲ್ಲಿ ದಪ್ಪ ಪಿವಿಸಿ ಚೌಕಟ್ಟುಗಳನ್ನು ತಂದು ತುರುಕುತ್ತಾರೆ. ಗಾಜಿನ ಗೋಡೆ ಹೋಗಿ ಕಿಟಕಿಗಳ ಸಾಲು ಉಳಿಯುತ್ತದೆ. ನಮ್ಮ ಬಡಗಿಗಳು ಕಂಬದಲ್ಲಿದ್ದ ತೋಡನ್ನೇ ಇನ್ನಷ್ಟು ಅಗಲಿಸಿ, ಹೊರಗಿನ ಪಟ್ಟಿಯನ್ನು ತೆಳುವಾಗಿ ಹೊಸದಾಗಿ ಮಾಡಿ, ಒಳಗಿನ ಹಳೆಯ ಪಟ್ಟಿಗಳಿಗೆ ಸಂಖ್ಯೆ ಬರೆದಿಟ್ಟುಕೊಂಡು ಅವುಗಳನ್ನೇ ಮರಳಿ ಹೊಡೆದರು. ನಾನು ಮನೆಯಿಂದಲೇ ಕರಡು ತಿದ್ದುವ ಕೆಲಸ ಮಾಡುವವಳು. ಒಂದು ಅಲ್ಪವಿರಾಮ ಜಾರಿದರೂ ಕಣ್ಣಿಗೆ ಚುಚ್ಚುತ್ತದೆ. ಆ ಪಟ್ಟಿಗಳ ಮೂಲೆಗಳಲ್ಲಿ ಹಳತು ಎಲ್ಲಿ ಮುಗಿದು ಹೊಸತು ಎಲ್ಲಿ ಶುರುವಾಗುತ್ತದೆಂದು ಹುಡುಕಿದೆ. ಸಿಗಲಿಲ್ಲ. ಜಾರುಬಾಗಿಲುಗಳ ಅಲ್ಯೂಮಿನಿಯಮ್ ಚೌಕಟ್ಟು ಮಾತ್ರ ಹೊಸದು. ಒಳಗಿನ ಲೋಹಕ್ಕೂ ಹೊರಗಿನ ಲೋಹಕ್ಕೂ ನಡುವೆ ಶಾಖ ದಾಟದ ತುಂಡು ಇರುವಂಥದು, ಹಾಗಾಗಿ ಹನಿಗಟ್ಟುವುದಿಲ್ಲ.

ಯಾರೂ ಮುಂಚಿತವಾಗಿ ಹೇಳದ ಒಂದು ಸಂಗತಿಯನ್ನು ನಾನು ಹೇಳುತ್ತೇನೆ. ಗಾಜು ಹಾಕಿದ ಮೇಲೆ ಮನೆಯೊಳಗೆ ಮೊಬೈಲ್ ಸಿಗ್ನಲ್ ಬಿದ್ದುಹೋಯಿತು. ಶಾಖವನ್ನು ಹಿಂದಕ್ಕೆ ಕಳಿಸುವ ಆ ಲೋಹಲೇಪ ಮೊಬೈಲಿನ ತರಂಗಗಳನ್ನೂ ತಡೆಯುತ್ತದೆ. ನಮ್ಮವರು ಫೋನು ಬಂದಾಗಲೆಲ್ಲ ಅಂಗಳಕ್ಕೆ ಓಡುವುದನ್ನು ನೋಡಿ ವಾಸ್ತುಶಿಲ್ಪಿ ಪೆಚ್ಚುನಗೆ ನಕ್ಕರು. ವೈಫೈ ಮೂಲಕ ಕರೆ ಹೋಗುವಂತೆ ಮಾಡಿ, ಕೋಣೆ ಕೋಣೆಗೆ ಕೇಬಲ್ ಎಳೆದು ಸರಿಪಡಿಸಿದರು. ಛಾವಣಿಯಲ್ಲಿ ತೋಡುಗಳು ಮೊದಲೇ ಇದ್ದದ್ದರಿಂದ ಅದು ಸುಲಭವಾಯಿತು. ಆದರೂ ಇದನ್ನು ಗಾಜು ಆರಿಸುವ ದಿನವೇ ಹೇಳಬೇಕಿತ್ತು.

ನೆಲದ ವಿಚಾರದಲ್ಲಿ ಇವರ ಶಿಸ್ತು ನನಗೆ ಬಹಳ ಹಿಡಿಸಿತು. ಆ ಕಾಲದ ಒಂಬತ್ತು ಅಂಗುಲದ ಚೌಕ ಟೈಲುಗಳನ್ನು ಕಂಡರೆ ಮೊದಲು ಅನುಮಾನಿಸಬೇಕು. ಅವುಗಳಲ್ಲೂ ಅವುಗಳ ಕೆಳಗಿನ ಕಪ್ಪು ಅಂಟಿನಲ್ಲೂ ಕಲ್ನಾರು (ಆಸ್ಬೆಸ್ಟಾಸ್) ಇರುವ ಸಂಭವ ಹೆಚ್ಚು. ಕದಲಿಸದೆ ಬಿಟ್ಟರೆ ಅಪಾಯವಿಲ್ಲ, ಒಡೆದರೆ, ಉಜ್ಜಿದರೆ ಅದರ ಎಳೆಗಳು ಗಾಳಿಗೆ ಸೇರಿ ಶ್ವಾಸಕೋಶಕ್ಕಿಳಿಯುತ್ತವೆ. ಮೇಸ್ತ್ರಿ ಒಂದು ಮೂಲೆಯನ್ನು ನೀರಿನಿಂದ ಚೆನ್ನಾಗಿ ನೆನೆಸಿ, ಒಂದು ಚೂರನ್ನು ಎತ್ತಿ, ಎರಡು ಚೀಲದಲ್ಲಿ ಕಟ್ಟಿ ಪ್ರಯೋಗಾಲಯಕ್ಕೆ ಕಳಿಸಿದರು. ವರದಿ ಬರುವವರೆಗೆ ಒಬ್ಬ ಕೆಲಸಗಾರನನ್ನೂ ಒಳಗೆ ಬಿಡಲಿಲ್ಲ. ಅನುಮಾನ ನಿಜವಾಗಿತ್ತು. ಅದನ್ನು ತೆಗೆಯಲು ಪರವಾನಗಿ ಇರುವವರು ಬಂದರು. ಹಳೆಯ ಬಣ್ಣದಲ್ಲಿ ಸೀಸವಿದೆಯೇ ಎಂದೂ ಹೀಗೆಯೇ ಪರೀಕ್ಷಿಸಿ ಮುಂದುವರಿದರು. “ಸುಮ್ಮನೆ ಕಿತ್ತು ಬಿಸಾಕಿ, ಯಾರಿಗೆ ಗೊತ್ತಾಗುತ್ತದೆ” ಎಂದು ಸಲಹೆ ಕೊಟ್ಟ ನೆಂಟರೊಬ್ಬರಿಗೆ ವಾಸ್ತುಶಿಲ್ಪಿ ಕೊಟ್ಟ ನೋಟವನ್ನು ಇಲ್ಲಿ ಬರೆಯಲಾರೆ.

ಟೈಲು ಹೋದ ಮೇಲೆ ಕಾಂಕ್ರೀಟಿನೊಳಗಿನ ಬಿಸಿನೀರಿನ ಕೊಳವೆಗಳ ಸರದಿ. ನೆಲವನ್ನೇ ಬಿಸಿಮಾಡಿ ಮನೆ ಬೆಚ್ಚಗಿಡುವ ಏರ್ಪಾಡು ಇಂಥ ಮನೆಗಳಲ್ಲಿ ಸಾಮಾನ್ಯ. ಕೊರಿಯಾ ಯುದ್ಧದ ವೇಳೆ ತಾಮ್ರ ದುರ್ಲಭವಾಗಿ ಐಕ್ಲರ್ ಮನೆಗಳಲ್ಲಿ ಕೆಲವಕ್ಕೆ ಉಕ್ಕಿನ ಕೊಳವೆ ಹಾಕಿದ್ದರು, ಅವು ತುಕ್ಕು ಹಿಡಿದು ಮಾಲೀಕರನ್ನು ಗೋಳುಹೊಯ್ದುಕೊಂಡವು. ನಮ್ಮದು ಪುಣ್ಯಕ್ಕೆ ತಾಮ್ರ. ಒತ್ತಡ ತುಂಬಿ ನೋಡಿದರೆ ಮಾಪಕದ ಮುಳ್ಳು ಮೆಲ್ಲಗೆ ಇಳಿಯುತ್ತಿತ್ತು, ಅಂದರೆ ಎಲ್ಲೋ ಸೋರಿಕೆ. ಬಿಸಿನೀರು ಹರಿಸಿ ಶಾಖ ತೋರಿಸುವ ಕ್ಯಾಮೆರಾದಲ್ಲಿ ನೋಡಿದಾಗ ಅಡುಗೆಮನೆಯ ಬಾಗಿಲ ಬಳಿ ಒಂದು ಬಿಳಿ ಮಚ್ಚೆ ಹರಡಿಕೊಂಡಿತ್ತು. ಅಷ್ಟೇ ಜಾಗ ಒಡೆದು, ಕೊಳವೆಗೆ ಬೆಸುಗೆ ಹಾಕಿ ಮುಚ್ಚಿದರು. ಪ್ಲಂಬರ್ “ಎಲ್ಲವನ್ನೂ ಬಿಟ್ಟು ಹೊಸ ಹೀಟರ್ ಹಾಕಿ” ಎಂದಿದ್ದರು, ವಾಸ್ತುಶಿಲ್ಪಿ ಒಪ್ಪಲಿಲ್ಲ. ಮೇಲೆ ಅಗಸೆ ಎಣ್ಣೆಯಿಂದ ಮಾಡುವ ಲಿನೋಲಿಯಮ್ ಹಾಸಿದ್ದಾರೆ. ತೆಳುವಾದ್ದರಿಂದ ಶಾಖ ಮೇಲೇರುತ್ತದೆ, ಆ ಕಾಲಕ್ಕೂ ಒಪ್ಪುತ್ತದೆ.

ಇನ್ನು ನಡುಮನೆಯ ತಗ್ಗು. ಈರೊ ಸಾರಿನೆನ್ ರೂಪಿಸಿದ 1957ರ ಮಿಲ್ಲರ್ ಮನೆಯ ತಗ್ಗುಕೂಟದ ಚಿತ್ರವನ್ನು ನೀವೂ ನೋಡಿರಬಹುದು: ನೆಲಮಟ್ಟದ ಕೆಳಗೆ ಚೌಕಾಕಾರದ ಆಸನಗಳು, ಬಣ್ಣಬಣ್ಣದ ದಿಂಬುಗಳು. ಚಿತ್ರದಲ್ಲಿ ಸೊಗಸು. ನಮ್ಮ ಅತ್ತೆಯವರು ವಾಕರ್ ಹಿಡಿದು ನಡೆಯುವವರು. ಅವರಿಗೆ ಅದು ಮನೆಯ ನಡುವೆ ತೆರೆದ ಗುಂಡಿ, ಅಷ್ಟೇ. ನಾನು ಕಾಂಕ್ರೀಟ್ ಸುರಿದು ಮುಚ್ಚಿಸಲು ಸಿದ್ಧಳಿದ್ದೆ. ವಾಸ್ತುಶಿಲ್ಪಿ ಅದರ ಬದಲು ತಗ್ಗಿನೊಳಗೆ ಮರದ ಚೌಕಟ್ಟು ನಿಲ್ಲಿಸಿ, ನೆಲಮಟ್ಟಕ್ಕೆ ಸರಿಯಾಗಿ ಹಲಗೆಗಳನ್ನು ಕೂರಿಸಿದರು. ಹಲಗೆಗಳನ್ನು ಎತ್ತಬಹುದು. ಕೆಳಗೆ ಹಾಸಿಗೆ, ಕಂಬಳಿ, ಮಡಿಸುವ ಕುರ್ಚಿಗಳು, ವೈಫೈ ಪೆಟ್ಟಿಗೆ. ಬಚ್ಚಿಡಲು ಜಾಗವಿಲ್ಲದ ಮನೆಗೆ ಒಂದು ಉಗ್ರಾಣ ಸಿಕ್ಕಿತು. ಮುಂದೆ ಯಾರಿಗಾದರೂ ತಗ್ಗು ಬೇಕೆನಿಸಿದರೆ ಚೌಕಟ್ಟು ಬಿಚ್ಚಿದರಾಯಿತು, ಮೂಲ ಮೆಟ್ಟಿಲು ಒಳಗೆ ಹಾಗೇ ಇದೆ. ಅತ್ತೆ ವಾಕರ್ ತಳ್ಳಿಕೊಂಡು ಅದರ ಮೇಲೆ ಒಮ್ಮೆ ಆಚೆಯಿಂದ ಈಚೆಗೆ ಬಂದು, “ಮೊದಲೇ ಹೀಗೆ ಕಟ್ಟಲು ಅವರಿಗೇನು ಬಂದಿತ್ತಮ್ಮ?” ಎಂದರು. ಇಡೀ ಕೆಲಸದಲ್ಲಿ ನನಗೆ ಅತಿ ಹೆಚ್ಚು ಇಷ್ಟವಾದ ನಿರ್ಧಾರ ಇದು.

ಮರದ ಗೋಡೆಗಳನ್ನು ಬಿಳಿ ಮಾಡಲು ಹೊರಟಿದ್ದವರನ್ನು ನೆನೆದರೆ ಈಗಲೂ ಸಿಟ್ಟು ಬರುತ್ತದೆ. ಅದು ಮಹಾಗನಿ ಎಂಬ ಹೆಸರಿನಲ್ಲಿ ಆಗ ಮಾರುತ್ತಿದ್ದ, ಲವಾನ್ ಎಂಬ ಮರದ ಪ್ಲೈವುಡ್. ಮೇಲಿನ ಪದರ ಎಷ್ಟು ತೆಳುವೆಂದರೆ ಯಂತ್ರದಿಂದ ಉಜ್ಜಿದರೆ ಕ್ಷಣದಲ್ಲಿ ಕೆಳಗಿನ ಪದರ ಹೊರಬರುತ್ತದೆ. ಹಿರಿಯ ಬಡಗಿ ಯಂತ್ರವನ್ನು ಮುಟ್ಟಲೇ ಇಲ್ಲ. ಟರ್ಪೆಂಟೈನಿನಂಥ ದ್ರಾವಕದಲ್ಲಿ ಅದ್ದಿದ ಬಟ್ಟೆಯಿಂದ ಹಳೆಯ ಮೇಣ, ಜಿಡ್ಡು, ಸಿಗರೇಟಿನ ಹೊಗೆಯ ಕಂದು ಎಲ್ಲವನ್ನೂ ಒರೆಸಿ ತೆಗೆದರು. ಒಂದು ಬಟ್ಟೆ ಕಪ್ಪಾಯಿತು, ಇನ್ನೊಂದು ಕಂದಾಯಿತು, ಆಮೇಲಿನವು ತಿಳಿಯಾದವು. ಮೊಳೆಯ ತೂತುಗಳಿಗೆ ಬಣ್ಣ ಹೊಂದಿಸಿದ ಮೇಣ. ಬಿಸಿಲಿಗೆ ಬಿಳಿಚಿಕೊಂಡಿದ್ದ ಕಿಟಕಿಯ ಪಕ್ಕದ ಹಲಗೆಗೆ ಅರಗಿನ ಮೆರುಗನ್ನು ಒಂದು ಕೈ ಹಚ್ಚಿ, ದೂರ ಹೋಗಿ ನೋಡಿ, ಇನ್ನೊಂದು ಕೈ ಹಚ್ಚಿ, ಮತ್ತೆ ದೂರ ಹೋಗಿ ನೋಡಿ ಪಕ್ಕದ ಹಲಗೆಯ ಬಣ್ಣಕ್ಕೆ ತಂದರು. ಪೂರ್ತಿ ಹಾಳಾಗಿದ್ದ ಒಂದು ಹಾಳೆಯ ಬದಲಿಗೆ ಬೀರುವಿನ ಹಿಂದೆ ಅಡಗಿದ್ದ ಹಾಳೆಯನ್ನು ಕಿತ್ತು ತಂದರು. ಬೀರುವಿನ ಹಿಂದೆ ಹೊಸ ಪ್ಲೈವುಡ್ ಹಾಕಿದರೆ ಯಾರು ನೋಡುತ್ತಾರೆ? ರಿಚರ್ಡ್ ನ್ಯೂಟ್ರಾ 1946ರಲ್ಲಿ ಕಟ್ಟಿದ ಕೌಫ್‌ಮನ್ ಮರುಭೂಮಿ ಮನೆಯನ್ನು 1990ರ ದಶಕದಲ್ಲಿ ದುರಸ್ತಿ ಮಾಡುವಾಗ, ಮೂಲ ಕಲ್ಲು ಬಂದಿದ್ದ ಗಣಿಯ ಭಾಗವನ್ನೇ ಮತ್ತೆ ತೆರೆಸಿದ್ದರು. ನಮ್ಮ ಬಡಗಿಗೆ ಬೀರುವಿನ ಹಿಂಭಾಗವೇ ಗಣಿಯಾಯಿತು.

ಬಚ್ಚಲುಮನೆಯ ಬಗ್ಗೆ ಹೇಳುವುದು ಕಡಿಮೆ. ಹಳೆಯ ಸಣ್ಣ ಮೊಸಾಯಿಕ್ ಟೈಲು ಉಳಿಸಿಕೊಂಡರು, ಹಿಡಿಕೆಗಳನ್ನು ಹಾಕಿದರು, ಬಾಗಿಲು ಅಗಲಿಸಿದರು. ಕೆಲಸ ಅಚ್ಚುಕಟ್ಟು.

ಅಡುಗೆಮನೆಗೆ ಬಂದಾಗ ಸ್ವರ ಬದಲಿಸಬೇಕಾಗಿದೆ. ಮೂಲ ಅಡುಗೆಮನೆ ಇಕ್ಕಟ್ಟಿನ ಓಣಿ. ಕಂಬ ತೊಲೆಗಳೇ ಭಾರ ಹೊರುವುದರಿಂದ ನಡುವಿನ ಗೋಡೆ ತೆಗೆಯುವುದು ಸುಲಭವಾಯಿತು, ಅದನ್ನು ಇಂಜಿನಿಯರ್ ಒಬ್ಬರಿಂದ ಖಾತ್ರಿ ಮಾಡಿಕೊಂಡೇ ತೆಗೆದರು. ಆಮೇಲೆ ವಾಸ್ತುಶಿಲ್ಪಿಗೆ ಏನಾಯಿತೋ, ಎರಡು ಬದಿಗೂ ಕಲ್ಲು ಇಳಿಬಿದ್ದ ಬೃಹತ್ ದಿಮ್ಮಿಯಂಥ ಕಟ್ಟೆಯನ್ನು ನಡುವೆ ಕೂರಿಸುವ ನಕ್ಷೆ ತಂದರು. ಅದರ ಮೇಲೆ ಒಲೆ, ಒಲೆಯ ಮೇಲೆ ಛಾವಣಿಯಿಂದ ಇಳಿಬಿಟ್ಟ ಚಿಮಣಿ. ಇಡೀ ಮನೆ ನೆಲದಿಂದ ಹಗುರವಾಗಿ ಎದ್ದು ನಿಂತಿರುವಾಗ ಈ ಭಾರವೇಕೆ? ಅದೂ ಅಲ್ಲದೆ ಚಿಮಣಿ ಸರಿಯಾಗಿ ಗಾಜಿನ ಗೋಡೆಯ ನೋಟಕ್ಕೆ ಅಡ್ಡ. ಹಟ ಹಿಡಿದು ನಿಲ್ಲಿಸಿದೆ. ಒಲೆ ಹೊರಗೋಡೆಗೆ ಹೋಯಿತು, ಹೊಗೆ ಗೋಡೆಯಿಂದಲೇ ಆಚೆ ಹೋಗುತ್ತದೆ, ನಡುವೆ ಕಾಲುಗಳ ಮೇಲೆ ನಿಂತ ಹಗುರ ಮರದ ಮೇಜು.

ಇದು ಅಭಿರುಚಿಯ ಜಗಳ, ಬಿಡಿ. ಫ್ರಿಜ್ಜಿನ ವಿಚಾರ ಹಾಗಲ್ಲ. ಹಳೆಯ ಗೂಡಿಗೆ ಇಂದಿನ ಫ್ರಿಜ್ಜು ಕೂರುವುದಿಲ್ಲ ಎಂಬುದು ಎಲ್ಲರಿಗೂ ಗೊತ್ತು. ಅದಕ್ಕೇ ಹೊಸ ಗೂಡು ಮಾಡಿಸಿದ್ದು. ಇವರು ಫ್ರಿಜ್ಜಿನ ಮೈ ಅಳೆದರು, ಬಾಗಿಲು ತೆರೆಯಲು ಬೇಕಾದ ಜಾಗ ಅಳೆಯಲಿಲ್ಲ, ಹಿಂದೆ ಗಾಳಿಯಾಡಲು ಬಿಡಬೇಕಾದ ಜಾಗವನ್ನೂ ಬಿಡಲಿಲ್ಲ. ಬಾಗಿಲು ಅರ್ಧಕ್ಕೆ ನಿಂತು ಒಳಗಿನ ತರಕಾರಿ ಡ್ರಾಯರ್ ಹೊರಗೆ ಬರುತ್ತಿರಲಿಲ್ಲ. ಗಾಜಿನ ದಪ್ಪವನ್ನು ಮಿಲಿಮೀಟರಿನಲ್ಲಿ ಲೆಕ್ಕ ಹಾಕಿದ ಅದೇ ಜನ! ಸರಿಪಡಿಸಿದರು, ಆದರೆ ಫೋನಿನ ಮೇಲೆ ಫೋನು ಮಾಡಿದ ಮೇಲೆ. ಹಿಡಿಯಿಲ್ಲದೆ ಒತ್ತಿ ತೆರೆಯುವ ಕಪಾಟುಗಳೂ ನನಗೆ ರುಚಿಸಿಲ್ಲ. ಕೈಯಲ್ಲಿ ಹಿಟ್ಟಿರುವಾಗ ಮೊಣಕೈಯಿಂದ ಒತ್ತಿದರೆ ಒಂದು ತೆರೆಯುತ್ತದೆ, ಪಕ್ಕದ್ದೂ ತೆರೆಯುತ್ತದೆ.

ವಿದ್ಯುತ್ ಕೆಲಸದ ಒಳಗಿನ ಭಾಗಕ್ಕೆ ಪೂರ್ಣ ಅಂಕ. 1958ರ ಮನೆಗೆ ಬೇಕಿದ್ದದ್ದು ದೀಪ, ರೇಡಿಯೊ, ಫ್ರಿಜ್ಜು. ಇಂದು ಇಂಡಕ್ಷನ್ ಒಲೆಯೊಂದೇ ಎಲ್ಲ ಬರ್ನರ್ ಉರಿದರೆ 7 ಕಿಲೋವ್ಯಾಟ್ ಬೇಡುತ್ತದೆ, ಕಾರಿನ ಚಾರ್ಜರ್ ಹೆಚ್ಚುಕಡಿಮೆ ಇನ್ನೊಂದಷ್ಟು. ಹಳೆಯ ಫಲಕ, ಅರ್ಥ್ ಇಲ್ಲದ ಎರಡು ರಂಧ್ರದ ಪ್ಲಗ್ಗುಗಳು, ಬಿರುಕುಬಿಟ್ಟ ರಬ್ಬರಿನ ವೈರ್‌ಗಳು ಎಲ್ಲ ಹೋದವು. ಸೋಲಾರ್ ಮತ್ತು ಬ್ಯಾಟರಿಗೆ ಜಾಗ ಬಿಟ್ಟು ಹೊಸ ಫಲಕ ಬಂತು.

ದೀಪಗಳದು ಬೇರೆಯೇ ಕತೆ. ಹಲಗೆಯ ಛಾವಣಿಯಲ್ಲಿ ಒಳಗೆ ಹುದುಗುವ ದೀಪ ಹಾಕಲು ಬರುವುದಿಲ್ಲ, ಮೇಲೆ ಟೊಳ್ಳಿಲ್ಲ. ಗೋಡೆಯ ದೀಪ, ಇಳಿಬಿಟ್ಟ ದುಂಡು ದೀಪ, ನಿಲ್ಲುವ ದೀಪಗಳಲ್ಲಿ ಮನೆ ಬೆಳಗಬೇಕು. ಮೊದಲೂ ಹಾಗೆಯೇ ಇತ್ತು. ನಾವು ಊರಲ್ಲಿಲ್ಲದಾಗ ಹೊರಗಿನಿಂದ ಬಂದ ಎಲೆಕ್ಟ್ರಿಷಿಯನ್ ತೊಲೆಗಳ ಬದಿಗೆ ಉದ್ದಕ್ಕೂ ದೀಪ ಸಿಕ್ಕಿಸುವ ಪಟ್ಟಿ, ಅಂದರೆ ಟ್ರ್ಯಾಕ್ ಹೊಡೆದು, ಅಲ್ಲಿಗೆ ವೈರನ್ನು ಪ್ಲಾಸ್ಟಿಕ್ ಕೇಸಿಂಗಿನಲ್ಲಿ ತಂದು, ಕೇಸಿಂಗಿಗೆ ಕಂದು ಬಣ್ಣ ಬಳಿದಿದ್ದರು. ದೀಪಗಳು ಆಸ್ಪತ್ರೆಯ ಬಿಳುಪು. ಛಾವಣಿಯ ಮೇಲೆ ಅಷ್ಟೆಲ್ಲ ತೋಡು ಕೊರೆದು ಕೊನೆಗೆ ಕೇಸಿಂಗ್! ವಾಸ್ತುಶಿಲ್ಪಿಯನ್ನು ಕೇಳಿದರೆ, “ಮೇಡಂ, ಅಭ್ಯಾಸವಾಗುತ್ತದೆ” ಎಂದರು. ಆ ಒಂದು ಮಾತಿಗೆ ಒಂದು ಇಡೀ ಅಂಕ ಕಳೆದಿದ್ದೇನೆ. ಎಲ್ಲವನ್ನೂ ಬಿಚ್ಚಿಸಿದೆ. ತೊಲೆಯಲ್ಲಿ ಉಳಿದ ತೂತುಗಳನ್ನು ಹಿರಿಯ ಬಡಗಿ ಮೇಣ ತುಂಬಿ ಮುಚ್ಚಿದರು, ಪಾಪ, ಅವರು ಮಾಡದ ತಪ್ಪಿಗೆ. ಈಗಿರುವುದು 2,700 ಕೆಲ್ವಿನ್ನಿನ ಬೆಚ್ಚನೆಯ ಬೆಳಕು. ಲವಾನ್ ಮರದ ಕೆಂಪು ಅದರಲ್ಲಷ್ಟೇ ಕೆಂಪಾಗಿ ಕಾಣುತ್ತದೆ.

ಸದ್ದಿನ ಬಗ್ಗೆಯೂ ಒಂದು ಮಾತು, ಮನೆಯಿಂದ ಕೆಲಸ ಮಾಡುವವರಿಗಾಗಿ. ಇಂಥ ಮನೆಗಳಲ್ಲಿ ಒಳಗೋಡೆಗಳು ತೊಲೆಯ ಮಟ್ಟಕ್ಕೆ ನಿಲ್ಲುತ್ತವೆ, ಮೇಲೆ ತೆಳು ಗಾಜು. ನೋಡಲು ಚೆಂದ, ಛಾವಣಿ ಒಂದೇ ಹಾಳೆಯಾಗಿ ಕೋಣೆಯಿಂದ ಕೋಣೆಗೆ ಹರಿಯುತ್ತದೆ. ಸದ್ದೂ ಹಾಗೇ ಹರಿಯುತ್ತದೆ. ನಮ್ಮವರ ಕಚೇರಿಯ ಸಭೆಗಳೆಲ್ಲ ನನ್ನ ಕರಡಿನೊಳಗೆ ನುಗ್ಗುತ್ತಿದ್ದವು. ಆ ಮೇಲಿನ ಗಾಜಿನ ಬದಲು ನಡುವೆ ಪ್ಲಾಸ್ಟಿಕ್ ಪದರವಿರುವ ದಪ್ಪ ಗಾಜು, ಟೊಳ್ಳು ಬಾಗಿಲಿನ ಬದಲು ಗಟ್ಟಿ ಬಾಗಿಲು, ಸಂದುಗಳಿಗೆ ರಬ್ಬರ್ ಪಟ್ಟಿ ಹಾಕಿಸಿದರು. ಮಾತು ಈಗಲೂ ಗುಜುಗುಜು ಎನ್ನುತ್ತದೆ, ಪದಗಳು ಕೇಳಿಸುವುದಿಲ್ಲ. ನನಗೆ ಅಷ್ಟು ಸಾಕು.

ವ್ಯವಹಾರದಲ್ಲಿ ಇವರು ನೇರ. ನಕ್ಷೆಯಲ್ಲಿ ಇಲ್ಲದ ಯಾವ ಕೆಲಸಕ್ಕೂ ಮೊದಲು ಲಿಖಿತ ಅಂದಾಜು ಕೊಟ್ಟು ಸಹಿ ಪಡೆದರು, ಬಿಲ್ಲಿನಲ್ಲಿ ಅಚ್ಚರಿಗಳಿರಲಿಲ್ಲ. ಗಾಜಿನ ಕಾರ್ಖಾನೆಯಿಂದ ಸರಕು ತಡವಾಗಿ ಕೆಲಸ ಎಳೆಯಿತು, ಆ ದಿನಗಳಲ್ಲಿ ಹಿಂಬದಿಗೆ ಪ್ಲೈವುಡ್ ಹೊಡೆದುಕೊಂಡು ಕತ್ತಲಲ್ಲಿ ಕೂತಿದ್ದೆವು. ಅದಕ್ಕೆ ಇವರನ್ನು ದೂರಲಾರೆ. ಹೊರಗಿನವರ ಮೇಲೆ ಕಣ್ಣಿಡದಿದ್ದದ್ದಕ್ಕೆ ದೂರುತ್ತೇನೆ. ತಮ್ಮ ಬಡಗಿಗಳು ಇದ್ದ ಕಡೆಯೆಲ್ಲ ಕೆಲಸ ಚಿನ್ನ, ಹೊರಗಿನವರು ಕೈಯಿಟ್ಟ ಕಡೆಯೆಲ್ಲ ತಕರಾರು. ಯಾರನ್ನು ಗೊತ್ತು ಮಾಡಿದರೂ ಮೊದಲೇ ಕೇಳಿಕೊಳ್ಳಿ: ಈ ಕೆಲಸ ಮಾಡುವವರು ನಿಮ್ಮವರೋ, ಹೊರಗಿನವರೋ? ಹೊರಗಿನವರಾದರೆ ಅವರು ಬರುವ ದಿನ ನೀವು ಇಲ್ಲಿರುತ್ತೀರಾ?

ಐದಕ್ಕೆ ನಾಲ್ಕು ಕೊಡುತ್ತೇನೆ. ಕಾರು ನಿಲ್ಲಿಸುವ ಚಪ್ಪರದ ತೊಲೆಗಳಲ್ಲಿ ಒಂದರ ತುದಿ ಮಳೆಗೆ ಕೊಳೆತಿದೆ. ಕೊಳೆತಷ್ಟನ್ನು ಕತ್ತರಿಸಿ ಹೊಸ ಮರ ಜೋಡಿಸುವ ಆ ಕೆಲಸಕ್ಕೆ ಇದೇ ತಂಡಕ್ಕೆ ಹೇಳಿದ್ದೇವೆ, ಹಿರಿಯ ಬಡಗಿಯೇ ಬರಬೇಕು ಎಂಬ ಷರತ್ತಿನೊಂದಿಗೆ. ಚಪ್ಪರದ ದೀಪವನ್ನು ಮಾತ್ರ ನಾನೇ ತರುತ್ತೇನೆ.